ಹುಣಸೆಬೀಜ ಸರಿಯದ ನಕ್ಷೆ

ಮುಂಬಯಿಯಲ್ಲಿ ಒಬ್ಬ ಉಣ್ಣುತ್ತಿರುವಾಗಲೇ ಪಕ್ಕದವ ಎದ್ದು ಕೈತೊಳೆಯಲು ಹೋಗುತ್ತಾನೆ. ಬಂದ ಹೊಸದರಲ್ಲಿ ಅದನ್ನು ಕಂಡು ಜಗಳವಾಯಿತೆಂದೇ ತಿಳಿದಿದ್ದೆ. ನಮ್ಮ ರಾಮದುರ್ಗದಲ್ಲಿ ಪಂಕ್ತಿಯ ಕೊನೆಯವರ ಊಟ ಮುಗಿಯುವ ತನಕ ಯಾರೂ ಏಳುವುದಿಲ್ಲ. ಇಲ್ಲಿಯ ಚಾಳಿನಲ್ಲಿ, ಅಂದರೆ ಸಾಲಾಗಿ ಒಂಟಿಕೋಣೆಯ ಖೋಲಿಗಳಿರುವ ಮಾಳಿಗೆ ಕಟ್ಟಡದಲ್ಲಿ, ಖಾನಾವಳಿ ತೆರೆದಾಗ ನಾನು ಅದೇ ಪದ್ಧತಿ ಇಟ್ಟೆ. ನಮ್ಮ ಕಡೆಯಿಂದ ಬರುವವರು ಖೋಲಿ ಹಿಡಿಯುವ ಮೊದಲು ನಲ್ಲಿಗೆ ನೀರು ಯಾವಾಗ ಬರುತ್ತದೆಂದು ಕೇಳಿರಿ. ಬಾಡಿಗೆಯ ಚೌಕಾಶಿ ಆಮೇಲೆ.

ಮಧ್ಯಾಹ್ನ ಎರಡನೆಯ ಪಂಕ್ತಿಯವರು ಮೆಟ್ಟಿಲ ಮೇಲೆಯೇ ನಿಂತಿರುತ್ತಿದ್ದರು. ಮೆಟ್ಟಿಲು ತೆರವಾಗದಿದ್ದರೆ ಖೋಲಿ ಬಿಡಬೇಕೆಂದು ಮಾಲೀಕ ಮರಾಠಿಯಲ್ಲಿ ಗುಡುಗಿ ಹೋದ.

ನನ್ನಲ್ಲಿ ಉಣ್ಣುವ, ನನ್ನನ್ನು ಅತ್ತಿಗೆಯೆಂದು ಬಗೆದು ‘ವೈನಿ’ ಎನ್ನುವ ಸವದತ್ತಿಯ ವಾಸುದೇವ ಕಂಪ್ಯೂಟರಿನ ಕಚೇರಿಯವನು. ಯಂತ್ರಕ್ಕೆ ಕೆಲಸ ಒಪ್ಪಿಸುವ ಮೊದಲು ಅವರು ಅದನ್ನು ಚಿತ್ರದ ಭಾಷೆಯಲ್ಲಿ ಬರೆದು, ಎಲ್ಲಿ ಸಿಕ್ಕಿಬೀಳುತ್ತದೆಂದು ನೋಡುತ್ತಾರಂತೆ. ನನ್ನ ನೆಲದ ಮೇಲೆಯೇ ಸೀಮೆಸುಣ್ಣದಿಂದ ಬರೆದ. ದುಂಡು ಎಂದರೆ ಸ್ಥಿತಿ, ಅಡ್ಡಗೆರೆ ಎಂದರೆ ಕೆಲಸ. ಗೆರೆಯತ್ತ ಬಾಣವಿರುವ ದುಂಡುಗಳಲ್ಲೆಲ್ಲ ಹುಣಸೆಬೀಜವಿದ್ದರೆ ಮಾತ್ರ ಆ ಕೆಲಸ ನಡೆದು, ಬೀಜ ಮುಂದಕ್ಕೆ ಸರಿಯುತ್ತದೆ.

"ಮಜ್ಜಿಗಿ ಯಾವಾಗ ಬಡಸ್ತೀರಿ, ವೈನಿ?"

"ಎರಡನೇ ಪಂಕ್ತಿ ಕೂತ ಮ್ಯಾಲೆ. ತಲಿ ಎಣಿಸಿ ನೀರು ಬೆರಸಬೇಕಲ್ಲ."

"ಅವರು ಎಲ್ಲಿ ಕೂಡಬೇಕು?"

"ಮೊದಲಿನವರು ಎದ್ದಲ್ಲಿ."

"ಮಜ್ಜಿಗಿ ಉಣ್ಣದೇ ಮೊದಲಿನವರು ಏಳ್ತಾರೇನ್ರಿ?"

ಮೂರೂ ಕೆಲಸ ಒಂದಕ್ಕೊಂದು ಕಾದು ನಿಂತಿದ್ದವು; ಅವನಿಟ್ಟ ಬೀಜ ಸರಿಯಲಿಲ್ಲ. ದಿನಾ ಕಚೇರಿಗೆ ಹೊತ್ತಾಗಿ ಮೊದಲ ಪಂಕ್ತಿಯವರು ಮಜ್ಜಿಗೆಯ ಆಸೆ ಬಿಟ್ಟಾಗಲೇ ಪಂಕ್ತಿ ಏಳುತ್ತಿತ್ತು. ಬಾಯಿಮಾತಿನಲ್ಲಿ ಹೇಳಿದ್ದರೆ ವಾದಿಸಿ ಗೆಲ್ಲುತ್ತಿದ್ದೆ. ಬೀಜದ ಜೊತೆ ಯಾವ ವಾದ? ಎಂಥ ನೇರ ಭಾಷೆ ಅದು. ಕನ್ನಡ ಬಾರದ ಮಾಲೀಕನೂ ನೋಡಿ, ತಲೆಯಾಡಿಸಿ, ಒಂದು ವಾರದ ಗಡುವು ಕೊಟ್ಟ.

"ಎಲ್ಲಾರೂ ಕೂಡೇ ಏಳೋ ಪದ್ಧತಿ ಬಿಟ್ಟರ ಮುಗೀತು, ವೈನಿ."

"ಅದನ್ನ ಮುಟ್ಟಬ್ಯಾಡ. ಮಜ್ಜಿಗಿ ಮೊದಲ ಬಡಸ್ತೀನಿ. ಕಡಿಮಿ ಬಿದ್ದರ ನನಗ ಬೀಳಲಿ."

"ನೀವು ಲುಕ್ಸಾನ ಒಪ್ಪಿದ್ದು ಇವತ್ತ ನೋಡಿದೆ."

ಎರಡನೆಯ ಪಂಕ್ತಿಯಿಂದ ಮಜ್ಜಿಗೆಯ ಗೆರೆಗೆ ಹೋಗುವ ಬಾಣವನ್ನು ಒದ್ದೆ ಕೈಯಿಂದ ಒರೆಸಿದೆ. ವಾರದೊಳಗೆ ಮೆಟ್ಟಿಲು ತೆರವಾಯಿತು, ಖೋಲಿ ಉಳಿಯಿತು.

ಈಚೆಗೆ ಖಾನಾವಳಿಯನ್ನು ನೆರೆಯವಳಿಗೆ ಒಪ್ಪಿಸಿ ರಾಮದುರ್ಗಕ್ಕೆ ಹೋಗಿದ್ದೆ. ತಮ್ಮನ ಮನೆಗೆ ಊಟದ ಮೇಜು ಬಂದಿದೆ. ಉಂಡವರು ಉಂಡಂತೆ ಎದ್ದರು. ಕೈ ಒಣಗುತ್ತಿದ್ದರೂ ನಾನು ಕೂತೇ ಇದ್ದೆ.

"ಏಳ್ರಿ ಅಕ್ಕಾ, ಯಾರ ದಾರಿ ಕಾಯಲಿಕ್ಕತ್ತೀರಿ?" ಎಂದಳು ತಮ್ಮನ ಹೆಂಡತಿ.

ಮುಂಬಯಿಯ ನನ್ನ ಖೋಲಿಯಲ್ಲಿ ಪಂಕ್ತಿಯವರು ಕೊನೆಯವನಿಗಾಗಿ ಕಾದು ಕೂತಿರುವ ಹೊತ್ತು ಅದು.