ಗಂಗಾ ವಾರ್ಡಿನಲ್ಲಿದ್ದ ಹದಿನೆಂಟು ದಿನ

ನಿನ್ನೆ ಬೆಳಿಗ್ಗೆ ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕ ಹತ್ತಿದ. ಗಲ್ಲಕ್ಕೆ ಟವೆಲ್ ಸುತ್ತಿ ನೆತ್ತಿಯ ಮೇಲೆ ಗಂಟು ಹಾಕಿಕೊಂಡಿದ್ದ. ಟಿಕೆಟ್ ಕೊಡಲು ಬಗ್ಗಿದರೆ ಅವನ ಬಾಯಿಂದ ಲವಂಗದೆಣ್ಣೆಯ ವಾಸನೆ ಬಂತು. ನನ್ನ ಬೆರಳು ಟಿಕೆಟ್ ಮಷಿನಿನ ಮೇಲೆ ಹಾಗೇ ನಿಂತುಬಿಟ್ಟಿತು.

“ಕೂಡ್ಲಿಗಿ ಅಂದ್ನೆಲ್ಲಪಾ ಕಂಡಕ್ಟ್ರ,” ಎಂದ ಮುದುಕ, ಅರ್ಧ ಬಾಯಿ ಬಿಟ್ಟು. “ಹಲ್ಲು ನೋಯಾಕತ್ತಿದ್ದು ನನಗ, ನೀ ಯಾಕ ಮಕ ಹಂಗ ಮಾಡ್ತಿ?”

ಹಿಂದಿನ ಸೀಟಿನವರು ನಕ್ಕರು. ನಾನೂ ನಕ್ಕು ಟಿಕೆಟ್ ಹರಿದುಕೊಟ್ಟೆ. ಲವಂಗ ಎಂದರೆ ನಿಮಗೆ ಮದುವೆಮನೆಯ ಪಲಾವ್ ನೆನಪಾಗಬಹುದು. ನನಗೆ ನೆನಪಾಗುವುದು ಬೇರೆ. ಅದನ್ನು ಹೇಳಬೇಕೆಂದರೆ ನನ್ನ ಮಗಳ ಕಥೆ ಹೇಳಬೇಕು.

ಹಡಗಲಿಯಿಂದ ಕೂಡ್ಲಿಗಿಗೆ ಹೋಗಿಬರುವ ಗಾಡಿ ನನ್ನದು. ದಿನವಿಡೀ ಕೂಗುವುದೇ ಕೆಲಸ. ಇಂಥವನ ಹೊಟ್ಟೆಯಲ್ಲಿ ಮಾತು ಬಾರದ ಮಗಳು ಹುಟ್ಟಿದ್ದು ನೋಡಿ ನಮ್ಮ ಸೋದರಮಾವ, “ಅಕಿ ಪಾಲಿನ ಮಾತೂ ನೀನ ಆಡಿ ಮುಗಿಸೀಯಲೇ,” ಎಂದಿದ್ದ. ಅದನ್ನು ನಾನೇ ಎಷ್ಟೋ ಮಂದಿಗೆ ನಗುತ್ತಾ ಹೇಳಿದ್ದೇನೆ. ನಗುತ್ತಾ ಹೇಳಿದರೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಕಂಡಕ್ಟರಿಗೆ ಇಂಥ ಉಪಾಯಗಳು ಬೇಗ ಬರುತ್ತವೆ.

ಮಗಳ ಹೆಸರು ಗಂಗಾ. ಆಟಿಸಂ ಎಂಬ ಪದವನ್ನು ನಾವು ಕೇಳಿದ್ದು ಅವಳಿಗೆ ಐದು ವರ್ಷವಾದಾಗ, ದಾವಣಗೆರೆಯ ಡಾಕ್ಟರ ಬಾಯಿಂದ. ಅಲ್ಲಿಯವರೆಗೆ ಮನೆಯವರೆಲ್ಲ “ಮಾತು ತಡ ಅಷ್ಟ” ಎನ್ನುತ್ತಿದ್ದೆವು. ಅವಳಿಗೆ ಮಲ್ಲಿಗೆಯ ವಾಸನೆ ಆಗುತ್ತಿರಲಿಲ್ಲ. ಯಾರಾದರೂ ಹೂ ಮುಡಿದು ಹತ್ತಿರ ಬಂದರೆ ಎರಡೂ ಕೈಯಿಂದ ದೂಡುತ್ತಿದ್ದಳು. ಊರ ಹೆಸರಿನಲ್ಲೇ ಹೂವಿರುವ ಹಡಗಲಿಯಲ್ಲಿ ಇದ್ದುಕೊಂಡು ಮಲ್ಲಿಗೆ ಮುಡಿಯದ ಮುತ್ತೈದೆ ನನ್ನ ಹೆಂಡತಿ ಶಾರದಾ ಒಬ್ಬಳೇ ಇರಬೇಕು. ನೆರೆಯವರು ಏನೇನೋ ಅಂದರು. ಅವಳು ಯಾರಿಗೂ ಕಾರಣ ಹೇಳಲಿಲ್ಲ.

ಪೂರ್ತಿ ಮಾತೇ ಇರಲಿಲ್ಲ ಎಂದಲ್ಲ. ಜನ ಕಡಿಮೆ ಇರುವ ದಿನಗಳಲ್ಲಿ ಗಂಗಾಳನ್ನು ಗಾಡಿಗೆ ಕರೆದೊಯ್ಯುತ್ತಿದ್ದೆ. ನನ್ನ ಸೀಟಿನಲ್ಲಿ ಕಿಟಕಿಯ ಸರಳು ಹಿಡಿದು ಕೂರುತ್ತಿದ್ದಳು. ಒಂದು ದಿನ ನಾನು ಕೂಗುವ ಮೊದಲೇ, “ತಂಬ್ರಹಳ್ಳಿ ತಂಬ್ರಹಳ್ಳಿ” ಎಂದಳು. ನನ್ನದೇ ರಾಗ, ನನ್ನದೇ ಗಡಸು. ಆಮೇಲೆ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಎಲ್ಲವೂ ಬಂದವು. ಅಪ್ಪ ಎನ್ನಲು ಬಾರದವಳಿಗೆ ಹಗರಿಬೊಮ್ಮನಹಳ್ಳಿ ಎನ್ನಲು ಬರುತ್ತಿತ್ತು. ಸಂತೋಷವಾದರೆ ಕೂಡ್ಲಿಗಿ ಎನ್ನುವಳು, ಹಸಿವಾದರೆ ಕೊಟ್ಟೂರು. ಇದನ್ನು ಯಾರೂ ಅವಳಿಗೆ ಕಲಿಸಿದ್ದಲ್ಲ. ಶಾರದಾ ಒಲೆಯ ಮುಂದಿನಿಂದಲೇ, “ಕೊಟ್ಟೂರು ಅನ್ನಾಕತ್ಯಾಳ, ತಡೀರಿ ರೊಟ್ಟಿ ಹಾಕ್ತೀನಿ,” ಎನ್ನುತ್ತಿದ್ದಳು. ಹದಿಮೂರು ವರ್ಷ ಹೀಗೆ ಹೋಯಿತು. ಕಷ್ಟದ ದಿನಗಳು ಎಂದು ಆಗ ಅಂದುಕೊಂಡಿದ್ದೆ.

ಹದಿಮೂರು ತುಂಬಿದ ಮೇಲೆ ಗಂಗಾ ಗೋಡೆಗೆ ತಲೆ ಹೊಡೆದುಕೊಳ್ಳಲು ಶುರುಮಾಡಿದಳು. ಯಾವಾಗಲೂ ಎಡಗಡೆಯೇ. ಗೋಡೆ ಸಿಗದಿದ್ದರೆ ಮುಷ್ಟಿಯಿಂದ ಗಲ್ಲಕ್ಕೆ ಹೊಡೆದುಕೊಳ್ಳುವಳು. ಹಿಡಿಯಲು ಹೋದರೆ ಕಚ್ಚುವಳು. ಶಾರದಾಳ ಮುಂಗೈಯಲ್ಲಿ ಆ ಕಲೆ ಇನ್ನೂ ಇದೆ. ಊಟ ಬಿಟ್ಟಳು, ನಿದ್ದೆ ಬಿಟ್ಟಳು. ನನ್ನವ್ವ ಹರಕೆ ಹೊತ್ತಳು. ಮನೆಗೆ ಬಂದು ಪಾಠ ಹೇಳುತ್ತಿದ್ದ ಟೀಚರಮ್ಮ, ದೊಡ್ಡವಳಾಗುವ ಹೊತ್ತಿನಲ್ಲಿ ಕೆಲವರಿಗೆ ಹೀಗಾಗುತ್ತದೆ ಎಂದರು. ಒಂದು ಮಧ್ಯಾಹ್ನ ಡ್ಯೂಟಿಯಿಂದ ಬಂದಾಗ ಗಂಗಾಳ ಹಣೆಯಿಂದ ರಕ್ತ ಸುರಿಯುತ್ತಿತ್ತು. ನಾನು ಅವಳನ್ನು ಹಿಡಿದು ಹೊಡೆದೆ. ತಲೆ ಹೊಡೆದುಕೊಳ್ಳಬೇಡ ಎಂದು ಹೇಳಲು ಹೊಡೆದೆ. ನನ್ನ ಬುದ್ಧಿ ಅಷ್ಟು.

ಊರಿನ ಡಾಕ್ಟರು ದೊಡ್ಡ ಊರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಡ್ಮಿಟ್ ಮಾಡಿಕೊಂಡು ಔಷಧ ಹೊಂದಿಸುತ್ತಾರೆ ಎಂದರು. ಹೊರಡುವ ದಿನ ಶಾರದಾ ಬಾಗಿಲಲ್ಲಿ ನಿಂತಳು.

“ಬ್ಯಾಡ್ರಿ. ಅಕಿಗೆ ಎಲ್ಲೋ ನೋವೈತಿ. ಹಲ್ಲೋ ಕಿವಿಯೋ. ಒಂದ ಕಡಿಗೇ ಹೊಡ್ಕೊಂತಾಳ ನೋಡ್ರಿ.”

“ನೀ ಏನ್ ಡಾಕ್ಟ್ರೇನು?” ಎಂದೆ. “ಅಲ್ಲಿ ಹೇಳೋಣ, ನಡಿ.”

ಆ ಆಸ್ಪತ್ರೆಯಲ್ಲಿ ಮಕ್ಕಳಿಗೆಂದು ಬೇರೆ ವಾರ್ಡ್ ಇರಲಿಲ್ಲ. ಹದಿಮೂರರ ಹುಡುಗಿಯನ್ನು ಹೆಂಗಸರ ಮಾನಸಿಕ ವಾರ್ಡಿಗೆ ಸೇರಿಸಬೇಕು, ತಾಯಿ ಜೊತೆಗಿರಬಹುದು, ಗಂಡಸರು ಹೊರಗೆ. ಡಾಕ್ಟರು ಚಿಕ್ಕ ವಯಸ್ಸಿನವರು. ಹಿಂದಿನ ದಿನದಿಂದ ಮನೆಗೆ ಹೋಗಿರಲಿಲ್ಲವೇನೋ, ಕಣ್ಣು ಕೆಂಪಾಗಿದ್ದವು. ಆದರೂ ಸಮಾಧಾನದಿಂದ ಎಲ್ಲ ಬರೆದುಕೊಂಡರು. ಕೊನೆಗೆ ಪೆನ್ನು ಎತ್ತಿ, “ಬೇರೆ ಏನಾದ್ರೂ ತೊಂದ್ರೆ ಇದೆಯಾ? ಹಲ್ಲು, ಕಿವಿ, ಹೊಟ್ಟೆ?” ಎಂದು ಕೇಳಿದರು.

“ಏನೂ ಇಲ್ಲ ಸರ್,” ಎಂದೆ.

ಯಾಕೆ ಹಾಗೆಂದೆ ಎಂದು ನೀವು ಕೇಳಬಹುದು. ಹಲ್ಲು ಎಂದರೆ ಹಲ್ಲಿನ ವಿಭಾಗಕ್ಕೆ ಕಳಿಸುತ್ತಾರೆ, ಅಲ್ಲಿಂದ ಕಿವಿಗೆ, ಅಲ್ಲಿಂದ ನಾಳೆ ಬನ್ನಿ ಎನ್ನುತ್ತಾರೆ, ಮತ್ತೆ ಅವಳನ್ನು ಮನೆಗೆ ಕರೆದುಕೊಂಡು ಹೋಗಬೇಕಾಗುತ್ತದೆ. ಆ ಒಂದು ದಿನ ಅವಳನ್ನು ಯಾರಾದರೂ ನನ್ನ ಕೈಯಿಂದ ತೆಗೆದುಕೊಂಡರೆ ಸಾಕಿತ್ತು. ಎರಡು ಕಡೆ ಸಹಿ ಮಾಡಿದೆ. ಶಾರದಾ ಆಗ ಗಂಗಾಳನ್ನು ಹಿಡಿದುಕೊಂಡು ಹೊರಗಿದ್ದಳು.

ಹದಿನೆಂಟು ದಿನ. ಸಂಜೆ ಅರ್ಧ ಗಂಟೆ ನನ್ನನ್ನು ಜಾಲರಿ ಬಾಗಿಲ ಬಳಿ ಬಿಡುತ್ತಿದ್ದರು. ಮೂರನೆಯ ದಿನ ನೋಡಿದಾಗ ಗಂಗಾಳ ಎರಡೂ ಮಣಿಕಟ್ಟುಗಳನ್ನು ಹಳೆ ಸೀರೆಯ ಪಟ್ಟಿಯಿಂದ ಮಂಚಕ್ಕೆ ಕಟ್ಟಿದ್ದರು. ಶಾರದಾ ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದಳು. ನಾನು ಕೂಗಾಡಿದೆ. ನರ್ಸಮ್ಮ ನಮ್ಮ ಕಡೆಯವಳೇ, ಬಂದು ತಗ್ಗಿದ ದನಿಯಲ್ಲಿ, “ಅಣ್ಣಾರ, ಬಿಟ್ರ ತಲಿ ಒಡ್ಕೊಂತಾಳ. ಇಷ್ಟು ಮಂದಿಗೆ ನಾವು ಇಬ್ರ ಅದೀವಿ. ನೀವ ಹೇಳ್ರಿ, ಏನ್ ಮಾಡ್ಲಿ?” ಎಂದಳು. ಸುತ್ತಲಿನ ಮಂಚಗಳಲ್ಲಿ ಅಳುವವರು, ಹಾಡುವವರು, ಬೈಯುವವರು. ಮಲ್ಲಿಗೆಯ ವಾಸನೆಯನ್ನೂ ತಾಳದವಳನ್ನು ಆ ಸದ್ದಿನ ನಡುವೆ ಮಲಗಿಸಿದ್ದೆ.

ಹೊರಗಿನ ಕಟ್ಟೆಯ ಮೇಲೆ ನನಗೆ ಜೊತೆಯಾದವರು ಹರಪನಹಳ್ಳಿಯ ರಹಮತ್ ಸಾಬರು, ಬೈಕ್ ರಿಪೇರಿಯವರು. ಗಂಗಾಳಂಥವನೇ ಆದ ಅವರ ಮಗ ಗಂಡಸರ ವಾರ್ಡಿನಲ್ಲಿದ್ದ. ಅದು ಅವರಿಗೆ ಮೂರನೆಯ ಸಲ. ಮಗ ಹೇಗಿದ್ದಾನೆ ಎಂದು ಕೇಳಿದರೆ, “ಸುಮ್ನಾಗ್ಯಾನ,” ಎಂದರು. ಚಹಾ ಮುಗಿಸಿ, ಬಹಳ ಹೊತ್ತಾದ ಮೇಲೆ ಮತ್ತೆ ಹೇಳಿದರು: “ಗಾಡಿ ಸದ್ದು ಮಾಡಿದ್ರ ನಾನು ಬಿಚ್ಚಿ ನೋಡ್ತೀನ್ರಿ. ಇಲ್ಲಿ ಸದ್ದು ನಿಂತ್ರ ಗಾಡಿ ಚಲೋ ಆತು ಅಂತಾರ.”

ನನಗೆ ಆ ಮಾತು ಸೇರಲಿಲ್ಲ. ಸದ್ದು ನಿಲ್ಲಲಿ ಎಂದೇ ನಾನು ಅಲ್ಲಿ ಕುಳಿತಿದ್ದೆ.

ಸದ್ದು ನಿಂತಿತು. ಹತ್ತೊಂಬತ್ತನೆಯ ದಿನ ಗಂಗಾ ತಾಯಿಯ ಭುಜ ಹಿಡಿದು, ಕಾಲೆಳೆಯುತ್ತಾ ಹೊರಗೆ ಬಂದಳು. ಮಾತ್ರೆಗಳ ಅಮಲಿಗೆ ಕಟಬಾಯಿಂದ ಜೊಲ್ಲು ಸೋರುತ್ತಿತ್ತು; ಅವನ್ನು ಮನೆಯಲ್ಲೂ ಮುಂದುವರಿಸಿ ಎಂದಿದ್ದರು. ಗೋಡೆಯ ಪಕ್ಕ ನಿಂತಳು, ತಲೆ ಹೊಡೆದುಕೊಳ್ಳಲಿಲ್ಲ. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಊರಿಗೆ ಬರುವ ಬಸ್ಸಿನಲ್ಲಿ ನಾನು ಪ್ರಯಾಣಿಕ. ಆದರೂ ಒಂದೊಂದು ಊರು ಬಂದಾಗ ಅವಳ ಕಿವಿಯ ಬಳಿ ಮೆಲ್ಲಗೆ ಕೂಗಿದೆ. ಕೂಡ್ಲಿಗಿ. ಕೊಟ್ಟೂರು. ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು. ತಂಬ್ರಹಳ್ಳಿಯೂ ದಾಟಿತು. ಶಾರದಾ ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: “ಕೂಗಬ್ಯಾಡ್ರಿ.”

ತಿಂಗಳ ಮೇಲೆ ಗಂಗಾಳ ಎಡಗಲ್ಲ ಬಾತುಕೊಂಡಿತು, ಜ್ವರ ಬಂತು. ಹಡಗಲಿಯ ಹಲ್ಲಿನ ಡಾಕ್ಟರಲ್ಲಿಗೆ ಹೋದೆವು. ಮೊದಲಾಗಿದ್ದರೆ ಆ ಕುರ್ಚಿಯಲ್ಲಿ ಅವಳನ್ನು ನಾಲ್ಕು ಮಂದಿ ಹಿಡಿಯಬೇಕಾಗುತ್ತಿತ್ತು. ಮಾತ್ರೆಯ ಮಂಪರಿನಲ್ಲಿ ಅವಳು ಬಾಯಿ ತೆರೆ ಎಂದರೆ ತೆರೆದಳು. ಡಾಕ್ಟರು ದೀಪ ಹಿಡಿದು ನೋಡಿದರು.

“ದವಡೆ ಹಲ್ಲು ಪೂರಾ ಕೊಳೆತೈತ್ರಿ. ಒಳಗ ಕೀವು. ಹೆಂಗ ತಡಕೊಂಡಾಳೋ ಹುಡುಗಿ, ತಿಂಗಳುಗಟ್ಲೆ ಆಗಿರಬೇಕು ಇದು.”

ಹಲ್ಲು ಕೀಳುವವರೆಗೆ ನೋವಿಗೆಂದು ಲವಂಗದೆಣ್ಣೆಯ ಅರಳೆ ಇಟ್ಟು ಕಳಿಸಿದರು. ಮನೆಗೆ ಬರುವಾಗ ಆಟೋ ತುಂಬ ಆ ವಾಸನೆ. ನಾನು ಶಾರದಾಳ ಮುಖ ನೋಡಲಿಲ್ಲ. ನಾನು ಹೇಳಿದ್ದೆನಲ್ಲ ಎಂದು ಅವಳು ಒಮ್ಮೆಯಾದರೂ ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅನ್ನಲಿಲ್ಲ. ಹಲ್ಲು ಕಿತ್ತರು, ಕೀವು ಹೋಯಿತು, ತಲೆ ಹೊಡೆದುಕೊಳ್ಳುವುದು ಮತ್ತೆಂದೂ ಬರಲಿಲ್ಲ. ಊರ ಹೆಸರುಗಳೂ ಮತ್ತೆ ಬರಲಿಲ್ಲ. ಮಾತ್ರೆ ಬಿಡಿಸಲು ಎರಡು ಸಲ ನೋಡಿದೆವು. ಮೈಯೆಲ್ಲ ನಡುಗಿ, ವಾಂತಿಯಾಗಿ, ಮತ್ತೆ ಶುರುಮಾಡಬೇಕಾಯಿತು. ಮಾತು ಹೋದದ್ದು ಮಾತ್ರೆಯಿಂದಲೋ, ಆ ಮಂಚದಿಂದಲೋ, ಯಾವ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಇದೆಲ್ಲ ಆಗಿ ನಾಲ್ಕು ವರ್ಷ. ಈಗ ಅವಳಿಗೆ ಹದಿನೇಳು.

ನಿನ್ನೆ ಮಧ್ಯಾಹ್ನ ಡ್ಯೂಟಿ ಮುಗಿಸಿ ಮನೆಗೆ ಬಂದೆ. ಶಾರದಾ ಪಡಸಾಲೆಯಲ್ಲಿ ಗಂಗಾಳಿಗೆ ಅನ್ನ ಕಲಸಿ ಕೊಡುತ್ತಿದ್ದಳು. ಕೈಕಾಲು ತೊಳೆಯದೆ ಹಾಗೇ ಗೋಡೆಗೊರಗಿ ಕುಳಿತೆ. ನಾಲ್ಕು ವರ್ಷ ಬಾಯಲ್ಲಿಟ್ಟುಕೊಂಡದ್ದು ನಿನ್ನೆ ಯಾಕೆ ಹೊರಗೆ ಬಂತೋ.

“ಅವತ್ತು ಆ ಡಾಕ್ಟ್ರು ನನ್ನ ಕೇಳಿದ್ರು ಶಾರದಾ. ಹಲ್ಲು, ಕಿವಿ ಏನರ ತೊಂದ್ರೆ ಐತೇನು ಅಂತ. ನಾನು ಏನೂ ಇಲ್ಲ ಅಂದೆ.”

ಅವಳು ತುತ್ತು ಕಟ್ಟುವುದನ್ನು ನಿಲ್ಲಿಸಲಿಲ್ಲ.

“ಗೊತ್ತೈತ್ರಿ,” ಎಂದಳು. “ಬಾಗಲು ತೆರೆದಿತ್ತು. ಕೇಳಿಸ್ತು.”

“ಮತ್ತ ನೀ ಯಾಕ ಒಳಗ ಬರಲಿಲ್ಲ?”

ಅವಳು ತಟ್ಟೆಯನ್ನೇ ನೋಡುತ್ತಾ, “ಬರಬೇಕು ಅಂತ ಒಂದ ಹೆಜ್ಜಿ ಇಟ್ಟೆ. ಹಲ್ಲು ಅಂದ್ರ ಮನಿಗೆ ಕಳಸ್ತಾರ ಅನಸ್ತು. ನನಗೂ ಸಾಕಾಗಿತ್ತು,” ಎಂದಳು.

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೊಬ್ಬನೇ ಅಲ್ಲ ಎಂಬ ಸಮಾಧಾನವೂ ಬರಲಿಲ್ಲ. ಇಷ್ಟು ವರ್ಷ ಶಾರದಾಳನ್ನಾದರೂ ಗಂಗಾಳ ಕಡೆಯವಳೆಂದು ನಂಬಿಕೊಂಡಿದ್ದೆ. ಆ ದಿನ ಆ ಹುಡುಗಿಯ ಕಡೆ ಯಾರೂ ಇರಲಿಲ್ಲ.

ಆಗ ಗಂಗಾ ಎದ್ದಳು. ಇಬ್ಬರೂ ಬೆಚ್ಚಿ ನೋಡಿದೆವು. ಅವಳಿಗೆ ಎಷ್ಟು ತಿಳಿಯುತ್ತದೆ ಎಂಬುದು ನಮಗೆ ಇವತ್ತಿಗೂ ಗೊತ್ತಿಲ್ಲ. ಏನೂ ತಿಳಿಯುವುದಿಲ್ಲ ಎಂದುಕೊಂಡೇ ಅವಳ ಎದುರಿಗೆ ಎಲ್ಲ ಆಡಿಬಿಡುತ್ತೇವೆ. ಅವಳು ಅರ್ಧ ಉಂಡ ತಟ್ಟೆಯನ್ನು ಕಾಲಿನಿಂದ ಮೆಲ್ಲಗೆ ಸರಿಸಿ, ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹುಟ್ಟಿದಾಗಿನಿಂದ ಅವಳು ಯಾವ ಬಾಗಿಲನ್ನೂ ತಾನಾಗಿ ಹಾಕಿಕೊಂಡವಳಲ್ಲ.

“ಕೇಳಿಸ್ತೇನ್ರಿ ಅಕಿಗೆ?” ಎಂದಳು ಶಾರದಾ. ಅವಳ ಕೈಯಲ್ಲಿ ತುತ್ತು ಹಾಗೇ ಇತ್ತು.

ನಾನು ಎದ್ದು ಹೋಗಿ ಬಾಗಿಲ ಹೊರಗೆ ಕುಳಿತೆ. ಚಿಲಕ ಹಾಕಿರಲಿಲ್ಲ, ದೂಡಿದರೆ ತೆರೆಯುತ್ತಿತ್ತು. ದೂಡಲಿಲ್ಲ. ಸ್ವಲ್ಪ ಹೊತ್ತಿಗೆ ಶಾರದಾಳೂ ಬಂದು ಎದುರಿನ ಗೋಡೆಗೊರಗಿ ಕುಳಿತಳು. ಒಳಗಿನಿಂದ ಸದ್ದಿಲ್ಲ. ಅವಳಾಗಿ ತೆರೆಯುವವರೆಗೆ ಅಲ್ಲೇ ಇರುವುದೆಂದು, ಒಬ್ಬರಿಗೊಬ್ಬರು ಹೇಳದೆಯೇ, ಇಬ್ಬರೂ ಕುಳಿತೆವು.