ಧಾರವಾಡ ಕೇಳಿಸದ ಬೆಳಗು

ನಾನು ಚಿಕ್ಕವನಿದ್ದಾಗ ಅಪ್ಪನಿಗೆ ಮಹಾರಾಷ್ಟ್ರದ ಪೈಠಣದ ಬ್ಯಾಂಕಿಗೆ ವರ್ಗವಾಯಿತು. ನನಗೂ ಅಕ್ಕನಿಗೂ ಶಾಲೆಯಲ್ಲಿ ಮರಾಠಿ ಬೇಗ ಬಾಯಿಗೆ ಹತ್ತಿತು. ಅಪ್ಪ ಮಾತ್ರ ಹೌದು, ಇಲ್ಲ ಎನ್ನುವ ‘ಹೋಯ್’, ‘ನಾಹೀ’ ಬಿಟ್ಟು ಮುಂದೆ ಹೋಗಲಿಲ್ಲ. ಬೆಳಗಾಗುತ್ತಲೇ ರೇಡಿಯೋವನ್ನು ಕಿಟಕಿಯಲ್ಲಿಟ್ಟು, ಅದಕ್ಕೆ ಕಿವಿ ಹಚ್ಚಿ, ಮುಳ್ಳು ತಿರುಗಿಸುತ್ತ ಧಾರವಾಡ ಆಕಾಶವಾಣಿಯನ್ನು ಹುಡುಕುತ್ತಿದ್ದರು. ಎಲ್ಲೋ ಬಹಳ ದೂರದಿಂದ ಒಂದು ಕನ್ನಡ ವಾಕ್ಯ ಕೇಳಿಸಿದರೆ ಸಾಕು, ಅವರಿಗೆ ಚಹಾ ರುಚಿಸುತ್ತಿತ್ತು. ಓಣಿಯ ಉಳಿದ ಮನೆಗಳಲ್ಲಿ ಹತ್ತಿರದ ಮರಾಠಿ ಸ್ಟೇಷನ್ನು ಗಟ್ಟಿಯಾಗಿ ಹಾಡುತ್ತಿತ್ತು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಜಾಯಕವಾಡಿ ಅಣೆಕಟ್ಟು ತುಂಬಿತ್ತು. ಒಂದು ಮಧ್ಯಾಹ್ನ ನೆಲ ಸಣ್ಣಗೆ ನಡುಗಿ, ಅಡುಗೆಮನೆಯ ಡಬ್ಬಿಗಳು ಗಲಗಲ ಎಂದವು. ಅಷ್ಟು ನೀರಿನ ಭಾರಕ್ಕೆ ಭೂಮಿ ಬಾಯಿ ಬಿಡುತ್ತದೆ ಎಂಬ ಮಾತು ಊರೆಲ್ಲ ಹಬ್ಬಿತು. ಅದೇ ವಾರ ಅಪ್ಪ ಪತ್ರಿಕೆಯಲ್ಲಿ ಒಂದು ಲೇಖನ ಓದಿದರು. ಭೂಕಂಪಕ್ಕೆ ಮೊದಲು, ಒತ್ತಡಕ್ಕೆ ಸಿಕ್ಕ ಬಂಡೆಗಳಿಂದ ವಿದ್ಯುತ್ತಿನ ಅಲೆಗಳು ಹೊರಟು ರೇಡಿಯೋದಲ್ಲಿ ಕರಕರ ಸದ್ದಾಗಬಹುದು, ಬಾವಿಯ ನೀರು ಕದಡಬಹುದು, ಪ್ರಾಣಿಗಳು ಗಾಬರಿಯಾಗಬಹುದು ಎಂದು ಅದರಲ್ಲಿತ್ತು. ಇದಾವುದೂ ಖಚಿತವಲ್ಲ, ವಿಜ್ಞಾನಿಗಳು ಇನ್ನೂ ಪರೀಕ್ಷಿಸುತ್ತಿದ್ದಾರೆ ಎಂದೂ ಇತ್ತು. ಆ ಸಾಲನ್ನು ಅಪ್ಪ ನಮಗೆ ಓದಿ ಹೇಳಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಧಾರವಾಡ ಸಿಗಲೇ ಇಲ್ಲ. ಅದು ಇರಬೇಕಾದ ಜಾಗದಲ್ಲಿ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಬರೀ ಚಟಪಟ. ಅಷ್ಟರಲ್ಲಿ ಅಕ್ಕ ಓಣಿಯ ಬಾವಿಯಿಂದ ಕೊಡ ತಂದಿಟ್ಟಳು. ನೀರು ಕೆಂಪಗೆ, ಮಣ್ಣಿನ ವಾಸನೆ ಹೊಡೆಯುತ್ತಿತ್ತು. ಬಾವಿಯ ಹತ್ತಿರ ನಾಯಿ ಒಂದೇ ಸಮನೆ ಬೊಗಳುತ್ತಿತ್ತು. ಅಪ್ಪ ಎದ್ದು ನಿಂತರು.

"ಪೇಪರದಾಗ ಬರದದ್ದು ಮೂರೂ ಆತು. ನಡಿ, ಎಲ್ಲಾರಿಗೂ ಹೊರಗ ಬರ್ರಿ ಅಂತ ಮರಾಠಿಯೊಳಗ ಹೇಳು," ಎಂದು ನನ್ನ ಕೈ ಹಿಡಿದು ಹೊರಟರು.

ಮನೆ ಮನೆಯ ಬಾಗಿಲಿಗೆ ಹೋದೆವು. ಅಪ್ಪ ಕನ್ನಡದಲ್ಲಿ ಹೇಳಿದ್ದನ್ನು ನಾನು ಎದೆಯುಬ್ಬಿಸಿಕೊಂಡು ಮರಾಠಿಯಲ್ಲಿ ಹೇಳಿದೆ. ಒಬ್ಬರು ತಮ್ಮ ರೇಡಿಯೋ ಚೆನ್ನಾಗಿಯೇ ಹಾಡುತ್ತಿದೆಯಲ್ಲ ಎಂದರು. "ಅವರ ಸ್ಟೇಷನ್ ಜೋರ್ ಅದ, ಗೊತ್ತಾಗೂದಿಲ್ಲ. ನಮ್ಮದು ದೂರದ್ದು, ಸಣ್ಣ ಸಪ್ಪಳಾನೂ ಹಿಡೀತದ," ಎಂದರು ಅಪ್ಪ. ಬ್ಯಾಂಕಿನ ಸಾಹೇಬರ ಮಾತೆಂದು ಜನ ನಂಬಿದರು.

ಎದುರುಮನೆಯಲ್ಲಿ ಒಬ್ಬರು ಮಾವಶಿ ಇದ್ದರು. ಮಾವಶಿ ಎಂದರೆ ಚಿಕ್ಕಮ್ಮ. ನಾವು ಅವರನ್ನು ಹಾಗೇ ಕರೆಯುತ್ತಿದ್ದೆವು. ಅವರು ಪೈಠಣಿ ಸೀರೆ ನೇಯುವವರು. ತಿಂಗಳುಗಟ್ಟಲೆ ನೇಯ್ದ ಸೀರೆಯೊಂದು ಮಗ್ಗದ ಮೇಲಿತ್ತು, ಸೆರಗಿನ ನವಿಲು ಅರ್ಧ ಮೂಡಿತ್ತು. ನೆಲದಲ್ಲಿ ಹುಗಿದ ಮಗ್ಗವನ್ನು ಹೊರಗೆ ಹೊರಲಾಗದು. ನಾನು ಹೇಳಿದ್ದನ್ನು ಕೇಳಿ ಅವರು ಅಪ್ಪನ ಮುಖ ನೋಡಿದರು, ಮಗ್ಗ ನೋಡಿದರು. ನೇಯ್ದಷ್ಟಾದರೂ ಉಳಿಯಲಿ ಎಂದು ಕತ್ತರಿ ತೆಗೆದುಕೊಂಡು ಮುಂದೆ ನೇಯಬೇಕಿದ್ದ ರೇಷ್ಮೆಯ ಎಳೆಗಳನ್ನು ಅಡ್ಡಕ್ಕೆ ಕತ್ತರಿಸಿಬಿಟ್ಟರು. ಸೀರೆಯನ್ನು ಮಗುವಿನಂತೆ ಎದೆಗೆ ಅಪ್ಪಿಕೊಂಡು ಓಣಿಯ ಕೊನೆಯ ಬಯಲಿಗೆ ಬಂದರು.

ಇಡೀ ಓಣಿ ಬಯಲಿನಲ್ಲಿ ಕುಳಿತಿತು. ಬಿಸಿಲೇರಿತು. ಯಾರೋ ಮೂರು ಕಲ್ಲು ಹೂಡಿ ಖಿಚಡಿ ಮಾಡಿದರು. ಹೊಗೆ, ಜೀರಿಗೆಯ ಘಮ, ಮಕ್ಕಳ ಗದ್ದಲ, ನಮಗೆ ಹಬ್ಬವೇ. ಭೂಮಿ ಮಾತ್ರ ಜಗ್ಗಲಿಲ್ಲ.

ಮಧ್ಯಾಹ್ನ ನೀರಿಗೆ ಹೋದ ಅಕ್ಕ ತಲೆ ತಗ್ಗಿಸಿಕೊಂಡು ಬಂದಳು. "ಅಪ್ಪಾ, ಬಾವಿ ಹಿಂದ ಹೊಸಾ ಮನಿ ಕಟ್ಟಾಕತ್ತಾರಲ್ಲ, ಅವರು ಮೋಟಾರ್ ಹಚ್ಚ್ಯಾರ. ಅದೇ ನೀರು ಕದಡೇದ. ನಾಯಿ ಅದಕ್ಕೇ ಬೊಗಳೂದು. ಕಿಡಿ ಹಾರ್ತಾವ ಅದರಾಗ. ಅವರು ಊಟಕ್ಕ ಬಂದ್ ಮಾಡಿದ ಕೂಡ್ಲೇ ಕಿಟಕ್ಯಾಗಿದ್ದ ನಮ್ಮ ರೇಡಿಯೋದ ಚಟಪಟಾನೂ ನಿಂತಿತು."

ಅಪ್ಪ ಮತ್ತೆ ನನ್ನ ಕೈ ಹಿಡಿದರು. "ನಡಿ. ಬೆಳಿಗ್ಗೆ ಹೇಳಿದವರಿಗೆಲ್ಲಾ ಈಗೂ ಹೇಳಬೇಕು."

ಜನ ನಕ್ಕರು. ಕೆಲವರು ಬೈದರು. ಬೈದದ್ದನ್ನೂ ನಾನೇ ಅಪ್ಪನಿಗೆ ಕನ್ನಡದಲ್ಲಿ ಹೇಳಬೇಕಾಯಿತು. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಭೂಮಿ ಈಗಲಾದರೂ ನಡುಗಬಾರದೇ ಎನ್ನಿಸಿತು.

ಮಾವಶಿಯ ಮುಂದೆ ಮಾತ್ರ ಅಪ್ಪ ನನ್ನನ್ನು ಕಾಯಲಿಲ್ಲ. ಕೈ ಮುಗಿದು, ತಮ್ಮ ಹರಕುಮುರುಕು ಮರಾಠಿಯಲ್ಲೇ "ಮಾಝಂ ಚುಕಲಂ" ಎಂದರು. ನನ್ನದು ತಪ್ಪಾಯಿತು ಎಂದು. ಮಾವಶಿ ಕತ್ತರಿಸಿದ ಎಳೆಗಳನ್ನು ಬೆರಳಲ್ಲಿ ಸವರುತ್ತ, "ಜಾಊ ದ್ಯಾ, ಸಾಹೇಬ," ಎಂದರು. ಹೋಗಲಿ ಬಿಡಿ ಎಂದರೂ ಕಣ್ಣೊರೆಸಿಕೊಂಡರು.

ಸಂಜೆಯಿಂದ ಎಳೆಗೆ ಎಳೆ ಗಂಟು ಹಾಕುವ ಕೆಲಸ ಶುರುವಾಯಿತು. ಅಪ್ಪ ಬ್ಯಾಂಕು ಮುಗಿಸಿ ಬಂದು ದಿನವೂ ಎಳೆ ಹಿಡಿದು ಕೂರುತ್ತಿದ್ದರು. ಸೀರೆ ಮುಗಿಯಿತು, ಆದರೆ ನವಿಲಿನ ಎದೆಗೆ ಅಡ್ಡಲಾಗಿ ಗಂಟುಗಳ ಗೆರೆ ಉಳಿಯಿತು. ವ್ಯಾಪಾರಿ ಅದನ್ನು ಬೇಡವೆಂದ. ಎಂದೂ ಪೈಠಣಿ ಉಡದಿದ್ದ ಮಾವಶಿ ಸಂಕ್ರಾಂತಿಯ ಅರಿಸಿನ ಕುಂಕುಮಕ್ಕೆ ಅದನ್ನೇ ಉಟ್ಟು ನಮ್ಮ ಮನೆಗೆ ಬಂದರು. ಚುಚ್ಚಬೇಕೆಂದಲ್ಲ, ಸಂತೋಷದಿಂದಲೇ. ಅಪ್ಪ ಕುರ್ಚಿಯಿಂದೆದ್ದು ಒಳಗೆ ಹೋಗಿಬಿಟ್ಟರು.

ಮಕ್ಕಳೇ, ಈಗ ನಿಮ್ಮ ಫೋನುಗಳಿಗೆ ಎಷ್ಟೊಂದು ಎಚ್ಚರಿಕೆಗಳು ಬರುತ್ತವೆ. ಕೆಲವು, ನೆಲದ ಮೊದಲ ಅಲುಗಾಟವನ್ನು ಅಳೆದು ಯಂತ್ರಗಳೇ ಕಳಿಸುವಂಥವು. ಇನ್ನು ಕೆಲವನ್ನು ಯಾರೋ ಕಳಿಸಿರುತ್ತಾರೆ, ನೀವು ಇನ್ಯಾರಿಗೋ ಕಳಿಸುತ್ತೀರಿ. ಸುಳ್ಳೆಂದು ತಿಳಿದರೆ ಅಳಿಸಿಬಿಡುತ್ತೀರಿ. ಅದನ್ನು ನಂಬಿದವರು ಏನನ್ನು ಕತ್ತರಿಸಿಕೊಂಡರೋ ನಿಮಗೆ ಕಾಣುವುದಿಲ್ಲ. ನಮಗೆ ಬಾಗಿಲು ತೆರೆದರೆ ಎದುರಿಗೇ ಕಾಣುತ್ತಿತ್ತು.