ನಾನು ತೊಳೆದ ಬರೋಲೋ

ನನಗೊಂದು ಚಟವಿದೆ, ಹೇಳಿಕೊಂಡುಬಿಡುತ್ತೇನೆ: ತೊಳೆಯುವುದು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಉಗುರು ನೋಡುತ್ತಿದ್ದ ಕಾಲದಿಂದ ಅಂಟಿಕೊಂಡದ್ದು. ಕೊರೋನಾ ಬಂದ ವರ್ಷವಂತೂ ಈ ಚಟಕ್ಕೆ ಸರ್ಕಾರದ ಮಾನ್ಯತೆಯೇ ಸಿಕ್ಕಂತಾಯಿತು. ಪರದೇಶದ ಆಲ್ಡಿ ಎಂಬ ಊರಿನ ನಮ್ಮ ಮನೆಗೆ ಬಂದ ಹಾಲಿನ ಕ್ಯಾನು, ಬದನೆಕಾಯಿ, ಬಿಸ್ಕತ್ತಿನ ಪೊಟ್ಟಣ ಎಲ್ಲವೂ ಸೋಪುನೀರಿನಲ್ಲಿ ಮಿಂದೇ ಒಳಗೆ ಸೇರಿದವು.

ಹಾಗೆ ಮಿಂದವರಲ್ಲಿ ಇಪ್ಪತ್ತು ವರ್ಷ ವಯಸ್ಸಿನ ಇಟಲಿಯ ಕೆಂಪು ವೈನು, ಬರೋಲೋ ಕೂಡ ಒಂದು.

ಅದು ಪಕ್ಕದ ಮನೆಯ ಟೋನಿ ಅಂಕಲ್ ಅವರದು. ಅವರ ಹೆಂಡತಿ ರೋಸಾ ಆಂಟಿ ಹಿಂದಿನ ವರ್ಷ ತೀರಿಕೊಂಡಿದ್ದರು. ಒಂದು ದಿನ ಅಂಕಲ್ ಬಾಟಲಿಯನ್ನು ನಮ್ಮ ಬಾಗಿಲ ಮುಂದಿಟ್ಟು, ಆರಡಿ ದೂರ ಹೋಗಿ ನಿಂತರು. "ಮುಂದಿನ ತಿಂಗಳು ನನಗೆ ಎಪ್ಪತ್ತು. ಅಲ್ಲೀವರೆಗೆ ನಿಮ್ಮಲ್ಲಿರಲಿ. ನನ್ನ ಮನೇಲಿದ್ರೆ ಒಬ್ಬನೇ ಕೂತು ಕುಡಿದುಬಿಡ್ತೀನಿ," ಎಂದರು.

ಲೇಬಲ್ಲಿನ ಅಂಚಿನಲ್ಲಿ ಆಂಟಿ ನೀಲಿ ಶಾಯಿಯಲ್ಲಿ ಇಟಾಲಿಯನ್ ಭಾಷೆಯಲ್ಲಿ ಏನೋ ಬರೆದಿದ್ದರು. ಅದನ್ನು ನೋಡಿಯೂ ನನ್ನ ಕೈ ತನ್ನ ಪಾಡಿಗೆ ಬಾಟಲಿಯನ್ನು ಸಿಂಕಿನಲ್ಲಿ ನೆನೆಹಾಕಿತು. ಹತ್ತು ನಿಮಿಷದಲ್ಲಿ ಲೇಬಲ್ಲು ಹಾಲಿನ ಕೆನೆಯಂತೆ ಎದ್ದು ತೇಲಿತು. ಟವೆಲಿನ ಮೇಲೆ ಹರಡಿದೆ, ಇಸ್ತ್ರಿ ಮಾಡಿದೆ. ತೀರಿಕೊಂಡವರ ಅಕ್ಷರ ಸಿಂಕಿನಲ್ಲಿ ಹರಿದುಹೋಗಿತ್ತು.

"ವೈನ್ ಕಣೇ ಅದು, ಬದನೆಕಾಯಲ್ಲ!" ಎಂದರು ನನ್ನವರು.

"ಅಂಕಲ್‌ಗೆ ಹೇಳಲೇಬೇಕಾ, ರೀ?"

"ಬೋಳು ಬಾಟಲ್ ಮುಂದಿಟ್ರೆ ಅವ್ರಿಗೇ ಗೊತ್ತಾಗಲ್ವಾ?"

ಆ ಒಂದು ತಿಂಗಳು ಪ್ರಾಯಶ್ಚಿತ್ತವೆಂಬಂತೆ ವೈನಿನ ಬಗ್ಗೆ ಓದಿದೆ. ಬರೋಲೋ ಉತ್ತರ ಇಟಲಿಯ ಗುಡ್ಡಗಳದ್ದು. ಎಳೆಯದರಲ್ಲಿ ಕುಡಿದರೆ ನೆಲ್ಲಿಕಾಯಿ ಕಚ್ಚಿದ ಹಾಗೆ ನಾಲಿಗೆಯೆಲ್ಲ ಒಗರಂತೆ. ವರ್ಷಗಟ್ಟಲೆ ಕತ್ತಲಲ್ಲಿ ಮಲಗಿದ ಮೇಲೆ ಆ ಒಗರೇ ಮೆಲ್ಲಗೆ ತಳಕ್ಕಿಳಿದು ಗಷ್ಟವಾಗುತ್ತದೆ, ಮೇಲಿನದು ತಿಳಿಯಾಗುತ್ತದೆ. ಕುಡಿಯುವ ಮುಂಚೆ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಅಲುಗಾಡಿಸದೆ ತಿಳಿಯನ್ನಷ್ಟೇ ಬಗ್ಗಿಸಬೇಕು. ಓದುತ್ತಾ ನಗು ಬಂತು. ನಾನು ದಿನಾ ಸಾರಿಗೆ ಮಾಡುವುದೂ ಅದನ್ನೇ ಅಲ್ಲವೇ?

ಹುಟ್ಟುಹಬ್ಬದ ಸಂಜೆ ನಮ್ಮ ಹಿತ್ತಲ ಮರದ ಡೆಕ್ಕಿನ ಮೇಲೆ ಅಂಕಲ್ ದೂರದ ಕುರ್ಚಿಯಲ್ಲಿ ಕೂತರು. ಬಿರಡೆ ತೆಗೆಯುವ ಮೊದಲೇ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಆಂಟಿ ಏನಂತ ಬರೆದಿದ್ರು?" ಎಂದು ಕೇಳಿದೆ.

"'ಟೋನಿ, ಮುಟ್ಟಬೇಡ. ಎಪ್ಪತ್ತಾಗಲಿ.' ಇಪ್ಪತ್ತು ವರ್ಷ ಓದಿದ್ದೀನಲ್ಲ, ಬಾಯಿಪಾಠ ಬಿಡು," ಎಂದು ನಕ್ಕರು. ಕಣ್ಣು ಮಾತ್ರ ನಗಲಿಲ್ಲ.

ಬಗ್ಗಿಸುವ ಕೆಲಸ ನನ್ನದಾಯಿತು. ಒಂದು ಚೂರೂ ಗಷ್ಟ ಬೀಳಲಿಲ್ಲ. ಗ್ಲಾಸಿನಲ್ಲಿ ವೈನಿನ ಅಂಚಿಗೆ ಹಳೆಯ ಇಟ್ಟಿಗೆಯ ಬಣ್ಣ; ಒಣಗಿದ ಗುಲಾಬಿಯ ವಾಸನೆ, ಅದರ ಹಿಂದೆಯೇ, ನಂಬಿದರೆ ನಂಬಿ, ಹೊಸ ರಸ್ತೆಯ ಡಾಂಬರಿನದು! ನಾನೂ ತೀರ್ಥದಷ್ಟು ತೆಗೆದುಕೊಂಡೆ. ಒಗರು ಪೂರ್ತಿ ಹೋಗಿರಲಿಲ್ಲ. ಆದರೆ ಜಗಳ ಬಿಟ್ಟಿತ್ತು. ಅಂಕಲ್ ಕಣ್ಣು ಮುಚ್ಚಿಕೊಂಡು, ಬಹಳ ಹೊತ್ತು ಒಂದೇ ಗುಟುಕಿನಲ್ಲಿದ್ದರು.

ಆಮೇಲೆ ಎದ್ದು ಮನೆಗೆ ಹೋದವರು ಇನ್ನೊಂದು ಬಾಟಲಿ, ಒಂದು ಪೆನ್ನು ಹಿಡಿದು ಬಂದರು.

"ಇದು ಎಂಬತ್ತಕ್ಕೆ. ಮುಟ್ಟಬೇಡ ಅನ್ನೋಕೆ ಈಗ ಮನೇಲಿ ಯಾರೂ ಇಲ್ಲ. ನೀನು ಬರಿ, ನಿನ್ನ ಭಾಷೇಲಿ."

ಬರೆದೆ. ಹಿರಿಯರನ್ನು ಏಕವಚನದಲ್ಲಿ ಗದರಿಸಲು ಕೈ ಬರಲಿಲ್ಲ: "ಟೋನಿ ಅಂಕಲ್, ದಯವಿಟ್ಟು ಮುಟ್ಟಬೇಡಿ. ಎಂಬತ್ತಾಗಲಿ."

ಆ ಬಾಟಲಿ ಈಗ ನಮ್ಮ ಬೇಸ್‌ಮೆಂಟಿನಲ್ಲಿ ಉಪ್ಪಿನಕಾಯಿ ಜಾಡಿಗಳ ಪಕ್ಕ ಮಲಗಿದೆ. ಅಂಕಲ್ ಆಗಾಗ ಬಂದು ಅದರ ಯೋಗಕ್ಷೇಮ ವಿಚಾರಿಸಿ, ಒಂದು ಲೋಟ ಸಾರು ಕುಡಿದು ಹೋಗುತ್ತಾರೆ. ಬಾಟಲಿಯ ಮೇಲೆ ಬೆರಳು ಮೂಡುವಷ್ಟು ಧೂಳು ಕೂತಿದೆ. ಕಂಡಾಗಲೆಲ್ಲ ಕೈ ತುರಿಸುತ್ತದೆ. ಇಡೀ ಮನೆಯಲ್ಲಿ ನಾನು ಒರೆಸದೆ ಬಿಟ್ಟಿರುವ ಧೂಳು ಅದೊಂದೇ.